ಎವ್ವಳವು ಟೀಚರ್

ಯಾರಾದರೂ "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು" ಅಂದರೆ ಸಾಕು, ನಮ್ಮ ಗಣಿತದ ಟೀಚರ್ ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆಯೆತ್ತಿ "ಎವ್ವಳವು?" ಎಂದು ಕೇಳುತ್ತಿದ್ದರು. ತಮಿಳಿನಲ್ಲಿ ಎಷ್ಟು ಎಂದು. ಪೆರಿಯಕುಳಂನಿಂದ ಬರುತ್ತಿದ್ದ ತಮಿಳು ಮೇಡಂ "ಈ ಸಲ ಮಾವು ಸುರಿದುಬಿಟ್ಟಿದೆ" ಎಂದರೂ ಅದೇ ಪ್ರಶ್ನೆ. ಪ್ರಿನ್ಸಿಪಾಲರು ಸಭೆಯಲ್ಲಿ "ಬಹುಪಾಲು ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯಿಲ್ಲ" ಎಂದಾಗಲೂ ಹಿಂದಿನ ಸಾಲಿನಿಂದ ಅದೇ ಪ್ರಶ್ನೆ. ಹುಡುಗಿಯರು ಅವರಿಗೆ ಎವ್ವಳವು ಟೀಚರ್ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ಕಪ್ಪುಹಲಗೆಯ ಮೂಲೆಯಲ್ಲಿ ಯಾರೋ ಆ ಹೆಸರು ಬರೆದಿದ್ದರು. ಅವರು ಓದಿ, ಒಂದು ಅಕ್ಷರದ ತಪ್ಪು ತಿದ್ದಿ, ಪಾಠ ಶುರುಮಾಡಿದರು.

ತೇನಿಯಿಂದ ಸ್ವಲ್ಪ ಹೊರಗೆ, ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ನಾನು ಚರಿತ್ರೆ. ಇಬ್ಬರೂ ಕನ್ನಡದ ಮನೆಯವರು. ನಮ್ಮ ಹಿರಿಯರು ಎಂದೋ ಬಂದು ಕಂಬಂ ಕಣಿವೆಯಲ್ಲಿ ಬೇಸಾಯಕ್ಕೆ ನಿಂತವರು. ಮನೆಯೊಳಗೆ ಒಂದು ಮಾತು, ಹೊಸ್ತಿಲು ದಾಟಿದರೆ ತಮಿಳು. ಬರೆಯುವ ಕನ್ನಡ ನನಗೆ ಬಂದದ್ದು ಮೈಸೂರಿಗೆ ಓದಲು ಹೋದಾಗ. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ನಮ್ಮ ಮನೆಮಾತಿನಲ್ಲೇ ದನಿಯೆತ್ತಿ ಮಾತಾಡುತ್ತಿದ್ದರು. ನಾನು ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟರೆ, "ಯಾಕೆ ತಾಯಿ ಗುಸುಗುಸು? ಕದ್ದ ಮಾತಾ ಇದು?" ಎನ್ನುವರು. ತಾಯಿ ಎನ್ನುವುದು ನಮ್ಮ ಕಡೆ ಚಿಕ್ಕವರನ್ನು ಕರೆಯುವ ರೀತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಎತ್ತರದ ಆಳು. ಚಿನ್ನಮನೂರಿನಿಂದ ಮೊಪೆಡ್ಡಿನಲ್ಲಿ ಬರುವರು. ಹೆಲ್ಮೆಟ್ಟಿನಿಂದ ಚಪ್ಪಟೆಯಾದ ನರೆಗೂದಲನ್ನು ಸರಿಮಾಡಿಕೊಳ್ಳುವ ಗೊಡವೆಗೆ ಹೋಗುತ್ತಿರಲಿಲ್ಲ. ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಸದಾ ಕಪ್ಪು ದ್ರಾಕ್ಷಿ. ಬೀಜವನ್ನು ಕಾಗದದ ಮೇಲೆ ಉಗುಳಿ, ಕಾಗದ ಮಡಚಿ, ಅದರ ಮೇಲೇ ಲೆಕ್ಕ ಬಿಡಿಸಿಬಿಡುವರು. ಗಂಡನಿಗೆ ಮೋಟಾರ್ ಕಾಯಿಲ್ ಸುತ್ತುವ ಅಂಗಡಿ. ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ. ಯಾರಾದರೂ ಆ ಬಗ್ಗೆ ಅಯ್ಯೋ ಎಂದರೆ "ನಿಮ್ಮ ಮಕ್ಕಳ ಪೇಪರೆಲ್ಲ ನಾನೇ ತಿದ್ದೋದು" ಎಂದು ಬಾಯಿ ಮುಚ್ಚಿಸುವರು.

ನಮ್ಮ ಗೆಳೆತನ ಗಟ್ಟಿಯಾದದ್ದು ಸಿಲಬಸ್ ಬದಲಾದ ವರ್ಷ. ಚರಿತ್ರೆಯ ಎಂ.ಎ.ಗೆ ಹೊಸ ಪೇಪರ್ ಬಂತು: ಚರಿತ್ರೆಯ ಸಂಶೋಧನೆಗೆ ಅಂಕಿಸಂಖ್ಯೆ ಮತ್ತು ಕಂಪ್ಯೂಟರ್ ಬಳಸುವ ವಿಧಾನಗಳು. ನಮ್ಮ ವಿಭಾಗದ ಹಿರಿಯರು ಅದನ್ನು ಓದಿ, ಕಣ್ಣಲ್ಲೇ ಒಬ್ಬರಿಂದೊಬ್ಬರಿಗೆ ದಾಟಿಸಿ, ಕೊನೆಗೆ ನನ್ನ ಮುಂದೆ ಇಟ್ಟರು. ನನಗೆ ಬರುತ್ತಿದ್ದದ್ದು ಅಂಕಪಟ್ಟಿ ಟೈಪ್ ಮಾಡುವುದು ಮಾತ್ರ. ಅವರ ಮೇಜಿನ ಬಳಿ ಹೋಗಿ, "ಅಕ್ಕಾ, ಈ ಪೇಪರ್ ನೀವೇ ತಗೊಂಡ್ಬಿಡಿ" ಎಂದೆ.

"ನಾ ತಗೋಳಲ್ಲ. ನೀ ಕಲಿ, ನೀ ಕಲಿಸು. ನಾ ಪಕ್ಕದಲ್ಲಿ ಕೂತಿರ್ತೀನಿ."

"ನಂಗೆ ಕಣಕ್ಕು ಬರಲ್ಲ ಅಕ್ಕಾ." ಕಣಕ್ಕು ಎಂದರೆ ಗಣಿತ.

"ನಂಗೆ ಚರಿತ್ರೆ ಬರಲ್ಲ. ಸರಿಯಾಯ್ತಲ್ಲ, ಕೂತ್ಕೋ."

ಮೊದಲ ದಿನ ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ನನ್ನ ಪಠ್ಯಪುಸ್ತಕ ಕೇಳಿ ತೆಗೆದುಕೊಂಡರು. ಒಂದು ಪುಟ ಬಿಡಿಸಿ, "ಈ ಕಾಲದಲ್ಲಿ ಬೇಸಾಯ ಏಳಿಗೆ ಕಂಡಿತು" ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಯಾರ ಬೇಸಾಯ, ಎಷ್ಟು ನೆಲ, ಯಾರು ಎಣಿಸಿದವರು, ಎಣಿಸಿದವರಿಗೆ ಅದರಿಂದ ಏನು ಬೇಕಿತ್ತು ಎಂದು ಒಂದರ ಹಿಂದೊಂದು ಕೇಳಿದರು. ಚರಿತ್ರೆ ಕಲಿತು, ಚರಿತ್ರೆ ಕಲಿಸಿ, ಆ ಸಾಲನ್ನು ನಾನು ಮಂತ್ರದ ಹಾಗೆ ಒಪ್ಪಿಸಿಕೊಂಡು ಬಂದಿದ್ದೆ.

ಲ್ಯಾಬ್ ನಮಗೆ ಸಿಗಲಿಲ್ಲ. "ಹಿಸ್ಟರಿಗೆ ಕಂಪ್ಯೂಟರ್ ಯಾಕೆ?" ಎಂದರು ಪ್ರಿನ್ಸಿಪಾಲರು. ಮಧ್ಯಾಹ್ನ ಊಟದ ವೇಳೆಗೆ ಲ್ಯಾಬ್ ಖಾಲಿಯಿರುತ್ತದೆ ಎಂದು ಅಕ್ಕ ಹುಡುಗಿಯರನ್ನು ಕರೆದುಕೊಂಡು ಹೋಗಿ ಕೂರಿಸಿದರು. ಮರುವಾರ ಬಾಗಿಲಿಗೆ ಬೀಗ ಬಿತ್ತು. ಅವರು ಬೀಗವನ್ನೊಮ್ಮೆ ಎಳೆದು ನೋಡಿ, ತಿರುಗಿ, "ಎಲ್ಲಾರ ಕೈಯಲ್ಲೂ ಫೋನು ಇದೆಯಲ್ಲ, ನಡೀರಿ" ಎಂದರು. ಪ್ರಿನ್ಸಿಪಾಲರ ಕಿಟಕಿಗೆ ನೇರ ಕಾಣುವ ಬೇವಿನ ಮರದ ಕೆಳಗೆ ನಮ್ಮ ತರಗತಿ ನಡೆಯಿತು. ಹುಡುಗಿಯರು ಫೋನಿನ ಸಣ್ಣ ಪರದೆಯಲ್ಲೇ ಸಾಲು, ಕಾಲಂ ಮಾಡಲು ಕಲಿತರು. ಬೇರೆ ಕಡೆ ಇನ್ನೂ ಒಳ್ಳೆಯ ನೆರಳಿದೆ ಎಂದು ನಾನು ಹೇಳಿದರೆ, "ಇಲ್ಲೇ ಚೆನ್ನಾಗೈತೆ, ಅವರಿಗೂ ಕಾಣಲಿ" ಎನ್ನುವರು.

ಅವರ ಕಲಿಸುವಿಕೆ ಮೆತ್ತಗಿನದಲ್ಲ. ನಾನೊಮ್ಮೆ ಬಹಳ ಕಷ್ಟಪಟ್ಟು ಬಣ್ಣಬಣ್ಣದ ವೃತ್ತನಕ್ಷೆ ಮಾಡಿ ತೋರಿಸಿದೆ. "ದೋಸೆ ಚೆನ್ನಾಗೈತೆ. ಇದರಿಂದ ಏನು ತಿಳೀತು?" ಎಂದು ಕೇಳಿ ವಾಪಸು ಕೊಟ್ಟರು. ಅಭ್ಯಾಸಕ್ಕೆಂದು ಬೀದಿಯ ಮನೆಗಳ ಲೆಕ್ಕ ತಂದ ಒಬ್ಬ ಹುಡುಗಿ ಉತ್ತರ ಸಿಗದ ಕಡೆಯೆಲ್ಲ ಸೊನ್ನೆ ತುಂಬಿಸಿದ್ದಳು. ಅವಳು ಅಳುವವರೆಗೂ ಬಿಡಲಿಲ್ಲ. "ಖಾಲಿ ಬೇರೆ, ಸೊನ್ನೆ ಬೇರೆ. ಇಲ್ಲ ಅಂತ ಗೊತ್ತಿದ್ರೆ ಸೊನ್ನೆ ಆಕು. ಕೇಳಿಲ್ಲ ಅಂದ್ರೆ ಖಾಲಿ ಬಿಡು. ನೀ ಕೇಳ್ದೆ ಇದ್ದಿದ್ದಕ್ಕೆ ಅವರನ್ನ ಇಲ್ಲ ಅಂತ ಮಾಡ್ಬೇಡ." ಆಮೇಲೆ ತಮ್ಮದೇ ಒಂದು ಸೂತ್ರ ತಪ್ಪಿದೆ ಎಂದು ಗೊತ್ತಾದ ದಿನ, ಮೊಪೆಡ್ ಹತ್ತಿದವರು ಇಳಿದು ವಾಪಸು ಬಂದು, ಹಾಸ್ಟೆಲಿನ ಮುಂದೆ ನಿಂತು ಅದೇ ಹುಡುಗಿಯನ್ನು ಕರೆಸಿ, "ನಂದೂ ತಪ್ಪಾಗೈತೆ, ನೋಡು" ಎಂದು ತೋರಿಸಿ ಹೋದರು.

ಪೇಪರಿನ ಕೊನೆಯಲ್ಲಿ ಹುಡುಗಿಯರು ತಾವೇ ಒಂದು ಸಂಶೋಧನೆ ಮಾಡಬೇಕಿತ್ತು. ಏನು ಮಾಡಿಸುವುದೆಂದು ನಾನು ಯೋಚಿಸುತ್ತಿದ್ದಾಗ ಅಕ್ಕ ಕೇಳಿದರು: "ನಿಮ್ಮ ವಂಶಾವಳಿಲಿ ಎಣ್ಣುಮಕ್ಕಳು ಎಲ್ಲವರೆ?"

ನಮ್ಮವರ ವಂಶಾವಳಿಯೆಂದರೆ ಅಪ್ಪ, ಅಜ್ಜ, ಮುತ್ತಜ್ಜ. ಹಬ್ಬದ ದಿನ ಗಂಡಸರು ಅದನ್ನು ಸರಾಗವಾಗಿ ಹೇಳುತ್ತಾರೆ. ಆ ಗಂಡಸರನ್ನೆಲ್ಲ ಹೆತ್ತವರು ಯಾವ ಊರಿನಿಂದ ಬಂದವರೆಂದು ಅದರಲ್ಲಿಲ್ಲ. ಅಕ್ಕ ಹೇಳಿದ್ದು ಸರಳ. ತರಗತಿಯಲ್ಲಿ ಕನ್ನಡದ ಮನೆಯ ಹುಡುಗಿಯರು ಬೇಕಾದಷ್ಟಿದ್ದರು. ರಜೆಗೆ ಊರಿಗೆ ಹೋದವರು ತಮ್ಮ ಬೀದಿಯ ಹೆಂಗಸರನ್ನು ಕೇಳಬೇಕು: ನೀವು ಹುಟ್ಟಿದ ಊರು ಯಾವುದು, ನಿಮ್ಮಮ್ಮ ಹುಟ್ಟಿದ್ದು ಎಲ್ಲಿ, ಅವರಮ್ಮ ಎಲ್ಲಿ. ನೆನಪಿರುವವರೆಗೆ ಮೇಲೆ ಹೋಗಬೇಕು. ಹೆಸರು ಬರೆಯಬಾರದು. ಊರು ಮತ್ತು ತಲೆಮಾರು ಸಾಕು. ಬರೆದದ್ದನ್ನು ಅವರಿಗೇ ಓದಿ ಹೇಳಿ, ಇಟ್ಟುಕೊಳ್ಳಬಹುದಾ ಎಂದು ಕೇಳಬೇಕು. ಬೇಡವೆಂದರೆ ಅಲ್ಲೇ ಅಳಿಸಬೇಕು.

ರಜೆ ಮುಗಿದು ಬಂದ ಹುಡುಗಿಯರ ಮುಖವೇ ಬೇರೆಯಾಗಿತ್ತು. ಕೆಲವು ಅಜ್ಜಿಯರು ಮೂರು ತಲೆಮಾರು ದಾಟಿ ಹೇಳಿದ್ದರು. ಒಂದೇ ಊರಿನ ಹೆಸರು ಹತ್ತು ಬಗೆಯಲ್ಲಿ ಬಂದಿತ್ತು, ಈಗ ಇಲ್ಲದ ಊರುಗಳೂ ಬಂದಿದ್ದವು. ನಾನು ಎಲ್ಲವನ್ನೂ ಈಗಿನ ಹೆಸರಿಗೆ ತಿದ್ದಲು ಹೊರಟೆ. ಅಕ್ಕ ಕೈ ಹಿಡಿದರು. "ಅವರು ಯೇಳಿದ್ದು ಒಂದು ಕಾಲಂ. ನೀ ತಿಳ್ಕೊಂಡಿದ್ದು ಇನ್ನೊಂದು ಕಾಲಂ. ನಿಂದು ತಪ್ಪಾದ್ರೆ ಅವರದ್ದಾದ್ರೂ ಉಳೀಬೇಕು."

ಬೇವಿನ ಮರದ ಕೆಳಗೆ, ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ, ಆ ಸಾಲುಗಳೆಲ್ಲ ಸೇರಿ ನಕ್ಷೆಯ ಮೇಲೆ ಗೆರೆಗಳಾದವು. ಮದುವೆಯಾಗಿ ಹೆಣ್ಣು ಹೋದ ದಾರಿ ಒಂದೊಂದು ಗೆರೆ. ಹುಡುಗಿಯರು ತಮ್ಮ ತಮ್ಮ ಅಜ್ಜಿಯ ಗೆರೆ ಹುಡುಕುತ್ತಿದ್ದರು. ನಾನು ನೋಡುತ್ತಿದ್ದದ್ದು ಒಂದೇ ಕಡೆ. ಬೋಡಿನಾಯಕನೂರು ದಾಟಿ, ಘಟ್ಟದ ಬುಡದಲ್ಲಿ ಒಂದು ಸಣ್ಣ ಊರಿದೆ. ಅಲ್ಲಿಯವರೂ ನಮ್ಮವರೇ, ನಮ್ಮದೇ ಮಾತು. ಆದರೆ ಅವರನ್ನು ಮಲೆಯೋರು ಎನ್ನುತ್ತೇವೆ. ಅವರ ಹಿರಿಯರು ಏಲಕ್ಕಿ ತೋಟಕ್ಕೆ ಕೂಲಿಗೆ ಮಲೆ ಹತ್ತಿದವರು, ಅಲ್ಲಿ ಯಾರ್ಯಾರ ಜೊತೆಗೋ ಉಂಡವರು ಎಂದು ಕಥೆ. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಕುಲದೇವರ ಪೂಜೆಯಲ್ಲಿ ಅವರು ಗೋಡೆಯ ಹೊರಗೆ ನಿಲ್ಲಬೇಕು. ಇದು ಆದಿಯಿಂದ ಇರುವ ಕಟ್ಟಳೆ ಎಂದು ನಾನು ಕೇಳುತ್ತಾ ಬೆಳೆದಿದ್ದೆ.

ಆ ಸಣ್ಣ ಊರಿನಿಂದ ನಮ್ಮ ದೊಡ್ಡ ಊರುಗಳಿಗೆ ಗೆರೆಗಳು ಒತ್ತೊತ್ತಾಗಿ ಬಂದಿದ್ದವು. ಅಜ್ಜಿಯರ ಅಮ್ಮಂದಿರ ಕಾಲದಲ್ಲಿ, ಅವರ ಅಮ್ಮಂದಿರ ಕಾಲದಲ್ಲಿ, ಅದಕ್ಕೂ ಮೇಲೆ. ಆಮೇಲೆ ಒಂದು ತಲೆಮಾರಿನಲ್ಲಿ ಥಟ್ಟನೆ ನಿಂತಿದ್ದವು. ಈಗ ಬದುಕಿರುವ ಮುದುಕರು ಹುಡುಗರಾಗಿದ್ದ ಕಾಲ ಅದು.

"ಯಾಕೆ ನಿಂತೋಯ್ತು ಅಕ್ಕಾ?" ಎಂದೆ.

"ಯಾಕೆ ಅಂತ ಇದು ಯೇಳಲ್ಲ. ಯಾವಾಗ ಅಂತ ಯೇಳ್ತೈತೆ. ಆದಿಯಿಂದ ಅಲ್ಲ ಅಂತ ಯೇಳ್ತೈತೆ. ಅಷ್ಟು ಸಾಕಲ್ಲ."

ಅದೇ ಸಮಯಕ್ಕೆ ನಮ್ಮ ಕುಲದೇವರ ಗುಡಿಯ ಜೀರ್ಣೋದ್ಧಾರ ನಡೆಯುತ್ತಿತ್ತು. ಸಮಿತಿಗೆ ನನ್ನ ಗಂಡನ ದೊಡ್ಡಪ್ಪ ಅಧ್ಯಕ್ಷರು. ನಾನು ಅವರನ್ನು ದೊಡ್ಡಮಾವ ಎನ್ನುತ್ತೇನೆ. ಒಂದು ನೆನಪಿನ ಸಂಚಿಕೆ ತರಬೇಕು, ಅದರಲ್ಲಿ ನಮ್ಮ ಜನದ ಚರಿತ್ರೆ ಬರಬೇಕು, ಮನೆಯಲ್ಲೇ ಚರಿತ್ರೆ ಓದಿದ ಸೊಸೆಯಿದ್ದಾಳೆ ಎಂದು ನನ್ನನ್ನೇ ಕೇಳಿದ್ದರು. ನಾನು ಅಕ್ಕನನ್ನು ಕೇಳಿ, ನಕ್ಷೆಯನ್ನೂ ಎರಡು ಪುಟದ ವಿವರಣೆಯನ್ನೂ ಕೊಟ್ಟೆ.

ದೊಡ್ಡಮಾವ ಮರುದಿನವೇ ಮನೆಗೆ ಬಂದರು. ಕೋಪವಿರಲಿಲ್ಲ. ಸಮಾಧಾನದಲ್ಲೇ ಹೇಳಿದರು. "ಚೆನ್ನಾಗಿ ಮಾಡಿದ್ದೀಯಮ್ಮಾ. ಆ ಮಲೆಯೋರ ಸಾಲು ಮಾತ್ರ ತೆಗೆದ್ಬಿಡು. ನಾಲ್ಕು ಸಾಲು ಇಲ್ದಿದ್ರೆ ಚರಿತ್ರೆ ಕೆಟ್ಟೋಗುತ್ತಾ?"

ಅದು ನನ್ನ ಕೈಯಲ್ಲಿಲ್ಲ, ಟೀಚರನ್ನು ಕೇಳಬೇಕು ಎಂದೆ. ಅವರು ಟೀಚರನ್ನು ಕೇಳಲಿಲ್ಲ. ಕಾಲೇಜಿನ ಆಡಳಿತ ಮಂಡಳಿಯಲ್ಲಿ ತಮಗೆ ಗೊತ್ತಿದ್ದವರನ್ನು ಕೇಳಿದರು. ಎರಡು ದಿನಕ್ಕೆ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. ಊರ ಜನರ ಮನಸ್ಸು ನೋಯುತ್ತಿದೆ, ಕಾಲೇಜಿನ ಹೆಸರಿನ ಪ್ರಶ್ನೆ, ಹುಡುಗಿಯರ ಪ್ರಾಜೆಕ್ಟಿಗೆ ಇಷ್ಟು ಹಟ ಯಾಕೆ ಎಂದರು.

"ಎವ್ವಳವು ಜನ ನೊಂದಿದ್ದಾರೆ, ಮೇಡಂ?" ಎಂದು ಅಕ್ಕ ಕೇಳಿದರು.

ಪ್ರಿನ್ಸಿಪಾಲರು ನಗಲಿಲ್ಲ. ಅಕ್ಕನ ಕೆಲಸ ವರ್ಷವರ್ಷವೂ ನವೀಕರಿಸಬೇಕಾದದ್ದು ಎಂಬುದನ್ನು ನೆನಪಿಸಿದರು. ಅಕ್ಕ ತಮಿಳಿನಲ್ಲಿ, ಅಚ್ಚುಕಟ್ಟಾಗಿ ಹೇಳಿದರು: "ಪ್ರತಿ ಸಾಲನ್ನೂ ಒಬ್ಬೊಬ್ಬ ಹೆಂಗಸು ಕೊಟ್ಟಿದ್ದಾಳೆ. ಬೇಡವೆಂದರೆ ಅಳಿಸುತ್ತೇವೆಂದು ಅವಳಿಗೆ ಮಾತು ಕೊಟ್ಟಿದ್ದೇವೆ. ಅವಳು ಬಂದು ಹೇಳಲಿ, ಈಗಲೇ ಅಳಿಸುತ್ತೇನೆ. ಬೇರೆ ಯಾರು ಹೇಳಿದರೂ ಅಳಿಸುವುದಿಲ್ಲ."

ಹೊರಗೆ ಬಂದ ಅವರು ನೇರ ಮೊಪೆಡ್ಡಿನ ಬಳಿ ಹೋದರು. "ಅಕ್ಕಾ, ಬೇಕಾದ್ರೆ ಸಂಚಿಕೆಗೆ ಕೊಡೋದು ಬೇಡ. ನಮ್ಮ ಹತ್ರ ಇರಲಿ" ಎಂದೆ. "ಕೊಡೋದು ಬಿಡೋದು ನಿನ್ನಿಷ್ಟ. ಅಳಿಸೋದು ಮಾತ್ರ ಕೊಟ್ಟೋರ್ನ ಬಿಟ್ಟು ಯಾರಿಷ್ಟನೂ ಅಲ್ಲ" ಎಂದು ಕೀಲಿ ತಿರುಗಿಸಿ ಹೊರಟರು.

ಅವಳೇ ಬಂದು ಹೇಳಲಿ ಎಂದ ಮಾತನ್ನು ಸಮಿತಿ ಸವಾಲು ಎಂದುಕೊಂಡಿತು. ಒಂದು ಭಾನುವಾರ ಬೆಳಗ್ಗೆ ಗುಡಿಯ ಮುಂದಿನ ಸಾವಡಿಯಲ್ಲಿ ಸಭೆ ಕರೆದರು. ಗಂಡಸರು ಜಗಲಿಯ ಮೇಲೆ, ಹೆಂಗಸರು ಕೆಳಗೆ ಹಿಂದುಗಡೆ. ಅಕ್ಕ ಗಂಡನ ಜೊತೆ ಬಂದರು. ಗಂಡ ಹೊರಗೆ ಮರಕ್ಕೊರಗಿ ನಿಂತರು. ಅಕ್ಕ ಜಗಲಿಯ ತುದಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಟ್ಟು, ತಾವು ನೆಲದ ಮೇಲೆ ಹೆಂಗಸರ ಕಡೆಗೆ ಮುಖ ಮಾಡಿ ಕೂತರು. ಯಾವ ಮನೆಯ ಹೆಸರನ್ನೂ ಹೇಳಲಿಲ್ಲ. ಗೆರೆ ಎಂದರೇನು, ಹೇಗೆ ಕೂಡಿಸಿದ್ದು, ಎಲ್ಲಿ ನಮಗೆ ಗೊತ್ತಿಲ್ಲ ಎಂದು ಪಾಠದ ಹಾಗೆ ವಿವರಿಸಿದರು.

ದೊಡ್ಡಮಾವ ಗಂಟಲು ಸರಿಮಾಡಿಕೊಂಡರು. "ಸಣ್ಣ ಎಣ್ಣುಮಕ್ಕಳು ಓಗಿ ಕೇಳ್ದಾಗ ಯಾರೋ ಮರೆವಿಗೆ ಏನೋ ಯೇಳಿರ್ತಾರೆ. ಯಾರೂ ಬೇಕಂತ ಯೇಳಿರಲ್ಲ. ಅಳಿಸ್ಬಿಡಿ ಅಂತ ಎಣ್ಣುಮಕ್ಕಳೇ ಈಗ ಯೇಳ್ತಾರೆ." ಹೇಳಿ ಹಿಂದೆ ತಿರುಗಿ ನೋಡಿದರು.

ಹೆಂಗಸರು ತಲೆ ತಗ್ಗಿಸಿದರು. ಹಾಗೇ ಮುಗಿದುಹೋಗುತ್ತದೆ ಎಂದುಕೊಂಡೆ. ಆಗ ನನ್ನ ಪಕ್ಕದಿಂದ ನನ್ನ ಅತ್ತೆ ಎದ್ದು ನಿಂತರು. ದೊಡ್ಡಮಾವನ ಎದುರು ಅವರು ದನಿ ತೆಗೆದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಈಗಲೂ ಅವರು ಜಗಲಿಯ ಕಡೆ ನೋಡಲಿಲ್ಲ, ಅಕ್ಕನನ್ನು ನೋಡಿ ಹೇಳಿದರು.

"ನಮ್ಮವ್ವ ಮಲೆಯೋರ ಊರಲ್ಲಿ ಉಟ್ಟಿದ್ದು. ನಾ ಮರೆವಿಗೆ ಯೇಳಿಲ್ಲ. ಆ ಎಣ್ಣುಮಗಳು ಕೇಳಿದ್ಳು, ಯೇಳಿದೆ. ಇಷ್ಟು ವರ್ಸ ಯಾರು ಕೇಳಿದ್ರು? ಅಳಿಸ್ಬೇಡ."

ಆಮೇಲೆ ಕಂಬದ ಹಿಂದಿನಿಂದ ಇನ್ನೊಂದು ದನಿ ಬಂತು. "ನಂದೂ ಇರ್ಲಿ." ದೊಡ್ಡಮಾವನ ಹೆಂಡತಿ. ಅವರು ಎದ್ದು ನಿಲ್ಲಲೂ ಇಲ್ಲ. ಅವರ ಹಿಂದೆ ಇನ್ನೂ ಒಬ್ಬರು, ಆ ಕಡೆಯಿಂದ ಮತ್ತೊಬ್ಬರು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿ ತಲೆಯಾಡಿಸಿದರು. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡು, "ಬೇಡ ಅಂದೋರು ಒಬ್ಬರೂ ಇಲ್ಲ" ಎಂದು ಜಗಲಿಗೆ ವರದಿ ಒಪ್ಪಿಸಿದರು.

ಗೆದ್ದೆವು ಎಂದುಕೊಳ್ಳುವ ಹಾಗಿರಲಿಲ್ಲ. ನೆನಪಿನ ಸಂಚಿಕೆ ನಕ್ಷೆಯಿಲ್ಲದೆ ಬಂತು. ಗುಡಿಯ ಗೋಡೆಯ ಹೊರಗೆ ನಿಲ್ಲುವವರು ಆ ವರ್ಷವೂ ಹೊರಗೇ ನಿಂತರು, ಆದರೆ ಸಾವಡಿಯ ಸುದ್ದಿ ಅವರ ಊರಿಗೂ ಮುಟ್ಟಿತ್ತು. ಅಕ್ಕನ ಕೆಲಸ ನವೀಕರಣವಾಗಲಿಲ್ಲ. ಕಾರಣ ಬರೆದು ಕೊಡಿ ಎಂದು ಕೇಳಿದರು. ಯಾರೂ ಕೊಡಲಿಲ್ಲ. ಅವರ ಸ್ವಂತ ಅಣ್ಣ ಸಮಿತಿಯಲ್ಲಿದ್ದವರು. ನನ್ನ ಮಾನ ಕಳೆದೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದರಂತೆ. ಆ ಸುದ್ದಿಯನ್ನು ಅವರು ನನಗೆ ಹೇಳಿದ್ದು ದ್ರಾಕ್ಷಿ ತಿನ್ನುತ್ತಾ. ಅರ್ಧ ತಿಂದು ಡಬ್ಬಿ ನನ್ನ ಕಡೆ ತಳ್ಳಿದರು. ಅಷ್ಟೇ.

ದಿಂಡಿಗಲ್‌ನಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿಹೋಗಿತ್ತು. ಉದ್ದನೆಯ ಮೇಜುಗಳು ಹಾಗೇ ಇದ್ದವು. ಅಕ್ಕ ಆ ಕೋಣೆ ಹಿಡಿದರು. ಭಾನುವಾರ ಯಾವ ಕಾಲೇಜಿನ ಚರಿತ್ರೆ ವಿದ್ಯಾರ್ಥಿಯಾದರೂ ಬರಬಹುದು, ಲ್ಯಾಬ್ ಸಿಗದವರು ಮೊದಲು ಬರಬಹುದು ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ಪಳನಿಯ ಛತ್ರಗಳಿಗೆ ಯಾವ ಯಾವ ಊರಿನ ಯಾತ್ರಿಕರು ಬರುತ್ತಿದ್ದರೆಂದು ಒಬ್ಬ ಕೂಡಿಸುತ್ತಿದ್ದ, ಕಣಿವೆಯ ಕೆರೆಗಳ ಹಳೆಯ ಹೆಸರನ್ನು ಒಬ್ಬಳು ನಕ್ಷೆಗೆ ತರುತ್ತಿದ್ದಳು. ನಾನೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಅವರ ಪಕ್ಕ ಕೂರುತ್ತಿದ್ದೆ. ನನ್ನ ಕಾಲೇಜಿನಲ್ಲಿ ಆ ಪೇಪರ್ ನಾನೇ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಒಮ್ಮೆ ಅವರಿಗೆ, "ಆ ದಿನ ಸುಮ್ಮನಿದ್ದಿದ್ರೆ ಚೆನ್ನಾಗಿತ್ತು ಅಂತ ಅನ್ಸಲ್ವಾ ಅಕ್ಕಾ?" ಎಂದು ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ, "ಸುಮ್ನಿದ್ದೋರಿಗೆ ಏನು ಸಿಕ್ತು ಅಂತ ನೋಡ್ತಾ ಇದ್ದೀನಲ್ಲ" ಎಂದರು.

ಈ ಬೇಸಿಗೆಯಲ್ಲಿ ಅವರು ಹೋದರು. ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲ. ಸುದ್ದಿ ಬಂದಾಗ ಅತ್ತೆ, "ನಾನೂ ಬತ್ತೀನಿ" ಎಂದು ಸೀರೆ ಬದಲಿಸಿಕೊಂಡು ಹೊರಟರು.

ಚಿನ್ನಮನೂರಿನ ಮನೆಯ ಮುಂದೆ ದಿಂಡಿಗಲ್ಲಿನ ಹುಡುಗ ಹುಡುಗಿಯರು ನಿಂತಿದ್ದರು. ಅವರ ಗಂಡ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಸ್ನಾನ ಮಾಡಿಸಿ ಆಗಿತ್ತು. ಆದರೆ ಎತ್ತುವ ಹಾಗಿರಲಿಲ್ಲ. ನಮ್ಮಲ್ಲಿ ಹೆಂಗಸು ಸತ್ತರೆ ತಾಯಿಮನೆಯಿಂದ ಹೊಸ ಸೀರೆ ಬರಬೇಕು. ಅದನ್ನು ಹೊದಿಸದೆ ಕಳಿಸುವುದಿಲ್ಲ. ಅಣ್ಣನಿಗೆ ರಾತ್ರಿಯೇ ಹೇಳಿಕಳಿಸಿದ್ದರು, ಬೆಳಗಾದರೂ ಬಂದಿರಲಿಲ್ಲ. ಬಿಸಿಲು ಏರುತ್ತಿತ್ತು. ಹಿರಿಯರೊಬ್ಬರು ಗಂಡನ ಬಳಿ ಬಗ್ಗಿ, ನಾವೇ ಒಂದು ತರಿಸೋಣವೇ ಎಂದು ಕೇಳಿದರು. ಅವರು ತಲೆಯೆತ್ತಿದರು. "ಅವಳಿಗೆ ಇಲ್ಲದ್ದನ್ನ ಇದೆ ಅಂತ ಬರೆಯೋದು ಆಗ್ತಿರ್ಲಿಲ್ಲ. ಬೇಡ" ಎಂದರು.

ಆಗ ಒಂದು ವ್ಯಾನು ಬಂದು ನಿಂತಿತು. ಬೋಡಿನಾಯಕನೂರಿನ ಕಡೆಯದು. ಇಳಿದವರು ಹೆಚ್ಚಾಗಿ ಹೆಂಗಸರು. ಮುಂದೆ ಬಂದ ಮುದುಕಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ, ಅರಿಶಿನ, ಹೂವು. ಯಾರೋ "ಮಲೆಯೋರು" ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು. ಜನ ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ಮುದುಕಿ ಬಾಗಿಲ ಬಳಿ ನಿಂತು ಕೇಳಿದಳು.

"ತಾಯಿಮನೆ ಸೀರೆ ತಂದೀವಿ. ಆಕ್ಬೋದಾ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ಹೇಗೆ ತಾಯಿಮನೆಯಾಗುತ್ತೀರಿ ಎಂದು ಒಬ್ಬರು ಶುರುಮಾಡಿದರು. ನನ್ನ ಅತ್ತೆ ಅಷ್ಟರಲ್ಲಿ ತಟ್ಟೆಯ ಇನ್ನೊಂದು ಅಂಚು ಹಿಡಿದಿದ್ದರು. "ನಂಗೆ ಆಗ್ತಾರಲ್ಲ. ಅವಳಿಗೂ ಆಗ್ತಾರೆ. ಬಾರಕ್ಕಾ" ಎಂದು ಮುದುಕಿಯನ್ನು ಒಳಗೆ ಕರೆದುಕೊಂಡು ಹೋದರು. ಇಬ್ಬರೂ ಸೇರಿ ಸೀರೆ ಬಿಡಿಸಿ, ಎರಡು ಕಡೆಯಿಂದ ಹಿಡಿದು, ಅಕ್ಕನ ಕೊರಳವರೆಗೂ ಹೊದಿಸಿದರು.

ಹೊದಿಸಿ ಮುಗಿಯುವಾಗ ಹೊರಗೆ ಕಾರಿನ ಬಾಗಿಲ ಸದ್ದಾಯಿತು. ಅಕ್ಕನ ಅಣ್ಣ. ಕಂಕುಳಲ್ಲಿ ಅಂಗಡಿಯ ಚೀಲದಲ್ಲಿ ಸೀರೆ. ಹೊಸ್ತಿಲ ಮೇಲೆ ನಿಂತು, ಹೊದಿಸಿದ್ದ ಹಸಿರು ಸೀರೆಯನ್ನೂ ಅದರ ಬಳಿ ಕೂತವರನ್ನೂ ನೋಡಿದರು. ಮುಂದೆ ಬರಲಿಲ್ಲ, ಹಿಂದೆ ಹೋಗಲೂ ಇಲ್ಲ.

ಮಲೆಯೋರ ಮುದುಕಿ ಕೂತಲ್ಲೇ ಸ್ವಲ್ಪ ಸರಿದಳು.

"ಬಾಪ್ಪಾ," ಎಂದಳು. "ನಿಂದೂ ಆಕು. ಜಾಗ ಐತೆ."